ಅಡಿಕೆ ಹರವುವ ಈಚಲು ಚಾಪೆಗೆ ಮೂರು ಹೊಸ ಪಟ್ಟಿ

ರಿಪೇರಿಗೆ ಇಳಿಸಿದ್ದು ಅಡಿಕೆ ಹರವುವ ಒಂದು ಹಳೆಯ ಈಚಲು ಚಾಪೆ. ಉದ್ದ ಆರು ಅಡಿ, ಅಗಲ ಸುಮಾರು ಮೂರೂಕಾಲು ಅಡಿ. ತೀರ್ಥಹಳ್ಳಿ ಸೀಮೆಯ ಹೆಚ್ಚಿನ ಅಡಿಕೆ ಮನೆಗಳಂತೆ ನಮ್ಮ ಮನೆಯ ಅಟ್ಟದ ಮೇಲೂ ಇಂಥವು ಹಿಂದೆ ರಾಶಿ ಇದ್ದವು. ಈಗ ಉಳಿದಿರುವುದು ಬೆರಳೆಣಿಕೆಯಷ್ಟು, ಅದರಲ್ಲಿ ಹರಿಯದೆ ಇರುವುದು ಇನ್ನೂ ಕಡಿಮೆ. ಈ ಚಾಪೆಯ ಮೇಲ್ಮುಖ ವರ್ಷಗಟ್ಟಲೆ ಚೊಗರನ್ನು, ಅಂದರೆ ಅಡಿಕೆ ಬೇಯಿಸಿದ ಕಂದು ರಸವನ್ನು, ಕುಡಿದು ಕಪ್ಪುಗೆಂಪಾಗಿದೆ, ಕೆಳಮುಖ ಇನ್ನೂ ಒಣಹುಲ್ಲಿನ ಬಣ್ಣದಲ್ಲೇ ಇದೆ.

ಬಿಸಿಲಿಗೆ ಎತ್ತಿ ಹಿಡಿದರೆ ಏನೇನು ಕೆಟ್ಟಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಎಡಗಡೆಯಿಂದ ನಾಲ್ಕು ಮತ್ತು ಐದನೆಯ ಪಟ್ಟಿಗಳನ್ನು ಒರಲೆ (ಗೆದ್ದಲು) ತಿಂದಿದೆ. ಗೋಡೆಗೆ ಒರಗಿಸಿಟ್ಟಿದ್ದ ತುದಿಯಿಂದ ಒಳಗಡೆಗೆ ಮಣ್ಣಿನ ಗೆರೆ, ಅದರ ಹಿಂದೆ ಪುಡಿ. ಒಂಬತ್ತನೆಯ ಪಟ್ಟಿಯ ನಡುವೆ ಇಲಿ ಕಡಿದ ಅಂಗೈಯಗಲದ ತೂತು. ಉಳಿದ ಒಂಬತ್ತು ಪಟ್ಟಿಗಳು ಗಟ್ಟಿಯಾಗಿವೆ, ಬೆರಳಿನಿಂದ ಮಡಚಿದರೂ ಮುರಿಯುವುದಿಲ್ಲ.

‘ಪಟ್ಟಿ’ ಎಂದು ಹೇಳುತ್ತಿರುವುದಕ್ಕೆ ಕಾರಣವಿದೆ. ನಮ್ಮಲ್ಲಿರುವ ಈಚಲು ಚಾಪೆಗಳನ್ನು ಒಂದೇ ಹಾಸಾಗಿ ನೇಯ್ದಿಲ್ಲ. ಮೊದಲು ಮೂರು ಮೂರೂವರೆ ಇಂಚು ಅಗಲದ ಉದ್ದನೆಯ ಪಟ್ಟಿಯನ್ನು ಹೆಣೆದು, ಬೇಕಾದ ಅಳತೆಗೆ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ ಹೊಲಿದಿದ್ದಾರೆ. ಈ ಚಾಪೆಯಲ್ಲಿ ಅಂಥ ಹನ್ನೆರಡು ಪಟ್ಟಿಗಳಿವೆ. ಹಾಗಾಗಿ ಕೆಟ್ಟ ಪಟ್ಟಿಯ ಎರಡು ಕಡೆಯ ಹೊಲಿಗೆ ಬಿಚ್ಚಿ, ಅದೇ ಅಗಲದ ಹೊಸ ಪಟ್ಟಿಯನ್ನು ಕೂರಿಸಿದರೆ ಚಾಪೆ ಮತ್ತೆ ಚಾಪೆಯಾಗುತ್ತದೆ. ತೂತಿನ ಮೇಲೆ ಗೋಣಿಯ ತೇಪೆ ಹಾಕುವುದು ಇದಕ್ಕಿಂತ ಸುಲಭ, ನಿಜ. ಆದರೆ ತೇಪೆಯ ಅಡಿಯಲ್ಲಿ ಅಡಿಕೆಯ ಚೂರು, ಧೂಳು ಸೇರಿ ಅಲ್ಲೇ ತೇವ ಹಿಡಿಯುತ್ತದೆ. ಎರಡು ಕೊಯ್ಲು ಕಳೆಯುವಷ್ಟರಲ್ಲಿ ತೇಪೆಯ ಸುತ್ತಲಿನ ಎಲೆಯೂ ಕೊಳೆತಿರುತ್ತದೆ.

ಇಷ್ಟೆಲ್ಲ ಏಕೆ, ಟಾರ್ಪಾಲ್ ಹಾಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಬೇಯಿಸಿದ ಅಡಿಕೆ ಒಣಗುವಾಗ ನೀರು ಮೇಲಕ್ಕಷ್ಟೇ ಹೋಗುವುದಿಲ್ಲ, ಅಡಿಗೂ ಇಳಿಯುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಹರವಿದರೆ ರಾತ್ರಿಯ ತಂಪಿಗೆ ಆ ಆವಿ ಹಾಳೆಯ ಮೇಲೆಯೇ ಹನಿಗಟ್ಟಿ, ಅಡಿಕೆಯ ತಳಭಾಗ ಬೆಳಗಿನವರೆಗೆ ಒದ್ದೆಯಲ್ಲಿ ಕೂರುತ್ತದೆ. ಬೂಷ್ಟು ಹಿಡಿಯಲು ಅಷ್ಟು ಸಾಕು. ಶೇಡ್ ನೆಟ್ ಇದಕ್ಕಿಂತ ಎಷ್ಟೋ ಮೇಲು. ಗಾಳಿಯಾಡುತ್ತದೆ, ಅಗ್ಗ, ಅಂಗಳದಷ್ಟು ಅಗಲಕ್ಕೆ ಸಿಗುತ್ತದೆ. ನಾವೂ ಹೆಚ್ಚಿನ ಅಡಿಕೆಯನ್ನು ಅದರ ಮೇಲೆಯೇ ಹರವುತ್ತೇವೆ. ಅದರ ತಕರಾರು ಬೇರೆ: ಬಿಸಿಲಿಗೆ ಎಳೆಗಳು ಪೆಡಸಾಗಿ ಮುರಿದು, ಹಸಿರು ನೂಲಿನ ಚೂರುಗಳು ಅಡಿಕೆಯ ಜೊತೆ ಚೀಲ ಸೇರುತ್ತವೆ. ಆರಿಸಿ ತೆಗೆಯುವುದಕ್ಕೆ ಒಬ್ಬರು ಕೂರಬೇಕು. ಹಸ ಮತ್ತು ಬೆಟ್ಟೆಯಂಥ ಬೆಲೆಬಾಳುವ ದರ್ಜೆಯ ಅಡಿಕೆಯನ್ನು ಮಾತ್ರವಾದರೂ ಚಾಪೆಯ ಮೇಲೆ ಒಣಗಿಸುವುದು ಲೇಸು ಎನ್ನುವುದು ನನ್ನ ಲೆಕ್ಕ. ಪೂರ್ತಿ ಕೊಯ್ಲನ್ನು ಚಾಪೆಯ ಮೇಲೆ ಹರವುತ್ತೇನೆ ಎನ್ನುವವರು ಒಂದೋ ತೋಟವಿಲ್ಲದವರು, ಇಲ್ಲವೇ ಕೂಲಿಯ ಚಿಂತೆ ಇಲ್ಲದವರು.

ಎಲೆ ಎಲ್ಲಿಂದ

ಮಲೆನಾಡಿನ ಒಳಭಾಗದಲ್ಲಿ ಎತ್ತರದ ಈಚಲು ಮರ ಅಪರೂಪ. ತೋಟದ ಅಂಚಿನಲ್ಲಿ ಬೈನೆ ಎಂಬ ಇನ್ನೊಂದು ತಾಳೆ ಜಾತಿಯ ಮರ ಇರುತ್ತದೆ, ಈಚಲು ಇರುವುದಿಲ್ಲ. ಗುಡ್ಡದ ಹುಲ್ಲುಗಾವಲುಗಳಲ್ಲಿ ಕಾಣುವುದು ಅದರ ಕುಳ್ಳ ಬಂಧು. ಸಸ್ಯಶಾಸ್ತ್ರದವರು ಇದನ್ನು ಫೀನಿಕ್ಸ್ ಲೌರೈರಿ ಎನ್ನುತ್ತಾರೆ. ಬೇಸಿಗೆಯ ಬೆಂಕಿ ಹಾದು ಹೋದರೂ ಮತ್ತೆ ಸುಳಿ ಒಡೆಯುವ ಗಟ್ಟಿ ಜೀವ ಅದು. ನೀಲಗಿರಿ ಕಡೆ ಅದರ ಎಲೆಯನ್ನು ಪೊರಕೆಗೆಂದು ಕೊಯ್ದು ಮಾರುತ್ತಾರೆ. ಪೊರಕೆಗೆ ಸರಿ, ನಮ್ಮ ಅಳತೆಯ ಚಾಪೆ ಪಟ್ಟಿಗೆ ಅದರ ಎಸಳು ಗಿಡ್ಡ. ಚಾಪೆಗೆ ಬೇಕಾದದ್ದು ದೊಡ್ಡ ಈಚಲು, ಫೀನಿಕ್ಸ್ ಸಿಲ್ವೆಸ್ಟ್ರಿಸ್. ಅದಕ್ಕೆ ಶಿವಮೊಗ್ಗ ದಾಟಿ ಬಯಲಿನ ಕಡೆಗೆ ಹೋಗಬೇಕು. ಶಿಕಾರಿಪುರ, ಭದ್ರಾವತಿ ಸೀಮೆಯ ಕೆರೆ ಏರಿ, ಹಳ್ಳದ ದಡ, ಗದ್ದೆಯ ಬದುಗಳಲ್ಲಿ ಅದು ತಾನಾಗಿ ಬೆಳೆಯುತ್ತದೆ. ಶಿಕಾರಿಪುರದ ಬಳಿ ನೆಂಟರ ಜಮೀನಿನ ಬದುವಿನಲ್ಲಿ ಸಾಲಾಗಿ ಇರುವುದರಿಂದ ನನಗೆ ಅನುಮತಿಯ ತೊಂದರೆ ಬರಲಿಲ್ಲ. ಕಾಡಿನ ಅಥವಾ ಕೆರೆಯ ಜಾಗದ ಮರಕ್ಕೆ ಕತ್ತಿ ಹಾಕುವ ಮೊದಲು ಯಾರನ್ನು ಕೇಳಬೇಕೋ ಅವರನ್ನು ಕೇಳಿಯೇ ಹೋಗಿ.

ಈಚಲು ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಹೆಂಡ ಎನ್ನುತ್ತಾರೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಮರ ಹತ್ತುವುದನ್ನು ನೋಡಿದ ದಾರಿಹೋಕರಲ್ಲಿ ಒಬ್ಬಿಬ್ಬರು ನಿಂತು ‘ಇಳಿಸಿದ್ದೀರಾ?’ ಎಂದು ಕೇಳಿಯೇ ಮುಂದೆ ಹೋದರು. ಎಲೆಗಾಗಿ ಎಂದರೆ ನಂಬಿದವರ ಮುಖದಲ್ಲಿ ಬೇಸರವೇ ಹೆಚ್ಚು.

ಕಡಿಯುವ ಕಾಲ ಮಳೆ ನಿಂತು ಆಕಾಶ ತಿಳಿಯಾದ ಮೇಲೆ, ನವೆಂಬರ್ ಹೊತ್ತಿಗೆ. ಮಳೆಗಾಲದಲ್ಲಿ ತಂದ ಎಲೆ ಒಣಗುವ ಮೊದಲೇ ಕಪ್ಪು ಚುಕ್ಕೆ ಬಿದ್ದು ಕೆಡುತ್ತದೆ. ತಡಮಾಡುವುದಕ್ಕೂ ಒಂದು ಮಿತಿ ಇದೆ. ಡಿಸೆಂಬರ್‌ನಿಂದ ಮೇ ತನಕ ನಮ್ಮ ಜಿಲ್ಲೆಯಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಉಣುಗು ಕಚ್ಚಿ ಬರುತ್ತದೆ. ಮಂಗ ಓಡಾಡುವ ಕಾಡಿನಂಚಿನಲ್ಲಿ ತರಗೆಲೆ ತುಳಿಯುತ್ತ, ಗರಿಗಳ ಹೊರೆಯನ್ನು ಹೆಗಲಿಗೇರಿಸಿಕೊಂಡು ಬರುವ ಕೆಲಸವನ್ನು ಆ ತಿಂಗಳುಗಳಲ್ಲಿ ನಾನು ಮಾಡುವುದಿಲ್ಲ. ಮಾಡಲೇಬೇಕಾದವರು ಉಣುಗು ಹತ್ತಿರ ಬಾರದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಬಳಿದುಕೊಂಡು, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಕುದಿನೀರಿಗೆ ಹಾಕುವುದು ಒಳ್ಳೆಯದು.

ಯಾವ ಗರಿ ಎಂಬುದೇ ಮುಖ್ಯ ಪ್ರಶ್ನೆ. ತೀರಾ ಮೇಲಿನ ಬಿಳಿ ಸುಳಿ ರೇಷ್ಮೆ ಬಣ್ಣದ ಮೆತ್ತನೆಯ ಎಲೆ ಕೊಡುತ್ತದೆ, ಆದರೆ ಅದನ್ನು ಮುಟ್ಟಬಾರದು. ಈಚಲಿಗೆ ಬೆಳೆಯುವ ತುದಿ ಒಂದೇ. ಕತ್ತಿ ಜಾರಿ ಅದಕ್ಕೆ ಪೆಟ್ಟಾದರೆ ಮರವೇ ಹೋದ ಹಾಗೆ. ಕೆಳಗೆ ಜೋತು ಬಿದ್ದ ಹಳೆಯ ಗರಿಗಳ ಎಸಳು ಪೆಡಸು, ಮಡಚಿದಲ್ಲಿ ಸೀಳುತ್ತದೆ. ನಡುವಿನ ಸುತ್ತಿನಲ್ಲಿ, ಪೂರ್ತಿ ಬಿಚ್ಚಿಕೊಂಡು ಇನ್ನೂ ಮೇಲ್ಮುಖವಾಗಿ ನಿಂತಿರುವ ಗರಿಗಳೇ ಬೇಕು. ಒಂದು ಮರದಿಂದ ಎರಡಕ್ಕಿಂತ ಹೆಚ್ಚು ತೆಗೆಯಲಿಲ್ಲ. ಬುಡಕ್ಕೆ ತಾಗಿಸಿ ಕಡಿಯದೆ, ತೋಳುದ್ದದ ದಿಂಡನ್ನು ಮರದಲ್ಲೇ ಬಿಟ್ಟೆ. ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆ ಇಡುತ್ತದೆ. ದಿಂಡು ಉದ್ದವಿದ್ದರೆ ಮರಿ ಕಾಂಡಕ್ಕೆ ತಲುಪುವುದು ಕಷ್ಟ. ತೆಂಗಿನ ಹಸಿ ಗರಿ ಕಡಿಯುವಾಗ ಹೇಳುವ ಎಚ್ಚರಿಕೆಯೇ ಇದು. ಆ ಬದುವಿನ ಆಚೆ ತೆಂಗಿನ ತೋಟವೇ ಇದ್ದುದರಿಂದ ಇನ್ನಷ್ಟು ಜಾಗ್ರತೆ ಬೇಕಿತ್ತು.

ಮುಳ್ಳಿನ ವಿಚಾರವನ್ನು ಬಿಡುವ ಹಾಗಿಲ್ಲ. ಗರಿಯ ಬುಡದ ಎಸಳುಗಳೇ ಗಟ್ಟಿಯಾಗಿ ಬೆರಳುದ್ದದ ಮುಳ್ಳುಗಳಾಗಿರುತ್ತವೆ. ಅದು ಚುಚ್ಚಿದ ನೋವು ದೊಡ್ಡದಲ್ಲ, ತುದಿ ಮುರಿದು ಒಳಗೆ ಉಳಿಯುವುದೇ ದೊಡ್ಡದು. ಬೆರಳಿನ ಗೆಣ್ಣಿಗೋ ಮಂಡಿಗೋ ಹೊಕ್ಕ ಚೂರು ಗಾಯ ಮಾಯ್ದು ವಾರಗಳಾದ ಮೇಲೆ ಕೀಲನ್ನು ಊದಿಸುತ್ತದೆ. ವೈದ್ಯರು ಇದನ್ನು ಮುಳ್ಳಿನಿಂದ ಬರುವ ಕೀಲುರಿಯೂತ ಎಂದು ಬೇರೆಯಾಗಿಯೇ ಗುರುತಿಸುತ್ತಾರೆ, ಅದಕ್ಕೆ ಹೆಸರಾದದ್ದೇ ಖರ್ಜೂರದ ಜಾತಿಯ ಮರಗಳ ಮುಳ್ಳು. ಎಕ್ಸ್‌ರೇಯಲ್ಲಿ ಮುಳ್ಳು ಸಾಮಾನ್ಯವಾಗಿ ಕಾಣುವುದಿಲ್ಲ. ಈಚಲು ಮುಳ್ಳು ಚುಚ್ಚಿತ್ತು ಎಂದು ರೋಗಿಯೇ ಬಾಯಿಬಿಟ್ಟು ಹೇಳಬೇಕು. ದಪ್ಪ ಚರ್ಮದ ಕೈಗವಸು ಹಾಕಿ, ಮರದ ಕೆಳಗೇ ಬುಡದ ಮುಳ್ಳಿನ ಭಾಗವನ್ನು ಕತ್ತರಿಸಿ ಎಸೆದು, ಉಳಿದದ್ದನ್ನಷ್ಟೇ ಗಾಡಿಗೆ ಹಾಕಿದೆ.

ಎಸಳು ಬಿಡಿಸಿ ಹದ ಮಾಡುವುದು

ಎಸಳು ಹತ್ತಿರದಿಂದ ನೋಡುವಂಥ ವಸ್ತು. ತೆಂಗಿನ ಎಸಳನ್ನು ದಿಂಡಿನ ಬಳಿ ಅಡ್ಡ ಕತ್ತರಿಸಿ ನೋಡಿದರೆ ಅದು ಮಾಡಿನ ಆಕಾರದಲ್ಲಿ ಕೆಳಗೆ ಬಾಗಿರುತ್ತದೆ, ಅಡಿಕೆಯದೂ ಹಾಗೆಯೇ. ಈಚಲು, ಖರ್ಜೂರಗಳದು ತದ್ವಿರುದ್ಧ, ದೋಣಿಯ ಹಾಗೆ ಮೇಲ್ಮುಖವಾಗಿ ಮಡಚಿರುತ್ತದೆ. ಗರಿಯಾಕಾರದ ಎಲೆಯ ತಾಳೆ ಜಾತಿಗಳಲ್ಲಿ ಹೀಗಿರುವುದು ಅಪರೂಪ. ನಮ್ಮ ಕೆಲಸಕ್ಕೆ ಇದರಿಂದ ಒಂದು ಲಾಭ ಉಂಟು. ಮಡಿಕೆಯ ತಳದಲ್ಲಿ ಗಟ್ಟಿ ನರ ಇದೆ. ಒಣಗಿದ ಎಸಳನ್ನು ಹಿಮ್ಮುಖವಾಗಿ ಮಡಚಿ ಉಗುರು ಎಳೆದರೆ ನರದ ಗುಂಟ ಅದು ತಾನಾಗಿಯೇ ಎರಡಾಗುತ್ತದೆ. ಒಂದೂವರೆ ಅಡಿ ಉದ್ದದ ಎಸಳಿನಿಂದ ಎರಡು ಸೀಳು, ಪ್ರತಿಯೊಂದೂ ಎಂಟರಿಂದ ಹತ್ತು ಮಿಲಿಮೀಟರ್ ಅಗಲ.

ಎಸಳನ್ನು ದಿಂಡಿನಿಂದ ಬಿಡಿಸಲು ಕಾಲಿನಿಂದ ಮೆಟ್ಟಿ ಹಿಡಿದು ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನೇ ಬಳಸಿದೆ. ಎರಡು ಕೈಯೂ ಗರಿ ಹಿಡಿಯಲು ಬಿಡುವಾಗಿರುವುದರಿಂದ ಕೆಲಸ ಬೇಗ ಸಾಗಿತು. ಆಮೇಲೆ ಹಿಡಿ ಹಿಡಿಯಾಗಿ ಕಟ್ಟಿ, ಬೀಸಣಿಗೆಯಂತೆ ಬಿಡಿಸಿ ಜಗುಲಿಯ ನೆರಳಿನಲ್ಲಿ ನೇತುಹಾಕಿದೆ. ಸಂತೆಯಲ್ಲಿ ಪೊರಕೆ, ಬುಟ್ಟಿ ಮಾರುವ ಕೊರಮ ಸಮುದಾಯದ ಹೆಂಗಸೊಬ್ಬರನ್ನು ಕೂಲಿ ಕೊಟ್ಟು ಒಂದು ಮಧ್ಯಾಹ್ನ ಕರೆಸಿದ್ದೆ. ಬಂದವರು ಕೂರುವ ಮೊದಲೇ ಒಂದು ಎಸಳನ್ನು ಎಳೆದು, ಬೆರಳಿಗೆ ಸುತ್ತಿ ನೋಡಿ, ‘ನೆರಳಿನಲ್ಲಿ ಒಣಗಿಸಿದ್ದು ಆಯಿತು. ಇನ್ನು ಒಂದು ದಿನ ಬಿಸಿಲು ತೋರಿಸಿ, ಇಲ್ಲದಿದ್ದರೆ ಹೆಣೆದ ಮೇಲೆ ಸಡಿಲ ಬೀಳುತ್ತದೆ’ ಎಂದರು. ಈ ಕೆಲಸದ ಗುಟ್ಟು ಇರುವುದೇ ಇಲ್ಲಿ. ಹಸಿ ಎಲೆ ಹೆಣೆಯಲು ಸಲೀಸು, ಬೆರಳಿಗೆ ಹಿತ. ಆದರೆ ಒಣಗುವಾಗ ಅಗಲದಲ್ಲಿ ಕುಗ್ಗಿ ಎಳೆಗಳ ನಡುವೆ ಸಂದು ಬಿಡುತ್ತದೆ. ಮೊದಲು ಪೂರ್ತಿ ಒಣಗಿಸಿ ಕುಗ್ಗುವಷ್ಟನ್ನೂ ಕುಗ್ಗಿಸಿಕೊಳ್ಳಬೇಕು. ನಂತರ ಹೆಣೆಯುವ ಹಿಂದಿನ ರಾತ್ರಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಮಡಚಲು ಬೇಕಾದಷ್ಟೇ ತೇವ ಕೊಡಬೇಕು. ನೀರಿನಲ್ಲಿ ಮುಳುಗಿಸಿಟ್ಟರೆ ಎಲೆ ಮತ್ತೆ ಉಬ್ಬಿ ಮೊದಲಿನ ಕಥೆಯೇ.

ಸೀಳುಗಳೆಲ್ಲ ಒಂದೇ ಅಗಲ ಇರಲಿ ಎಂದು ಸಣ್ಣದೊಂದು ಅಚ್ಚು ಮಾಡಿಕೊಂಡೆ. ಅನುಭವಿಗಳಿಗೆ ಇದು ಬೇಡ. ಆ ಹೆಂಗಸು ಹೆಬ್ಬೆರಳಿನ ಉಗುರಿನಿಂದಲೇ ಒಂದೇ ಅಗಲಕ್ಕೆ ಸೀಳುತ್ತಿದ್ದರು, ನನ್ನ ಅಚ್ಚನ್ನು ನೋಡಿ ನಕ್ಕರು. ಹಲಸಿನ ಮರದ ಒಂದು ತುಂಡು, ಅದರ ಮೇಲೆ ಕಟರ್ ಬ್ಲೇಡಿನ ಎರಡು ಚೂರುಗಳು ನೆಟ್ಟಗೆ, ನಡುವೆ ವಾಷರ್‌ಗಳನ್ನು ಒಟ್ಟಿ ಎಂಟು ಮಿಲಿಮೀಟರ್ ಅಂತರ, ಎರಡು ಸ್ಕ್ರೂ. ಬ್ಲೇಡಿನ ಮುಂದೆ ಎಸಳು ಹಾದು ಬರಲು ಒಂದು ತೆಳು ಕಾಲುವೆ. ಎಸಳಿನ ದಪ್ಪ ತುದಿಯನ್ನು ಕಾಲುವೆಗೆ ತೂರಿಸಿ ಎಳೆದರೆ ಎರಡು ಬದಿಯ ನೂಲೆಳೆಗಳು ಉದುರಿ, ನಡುವಿನ ಪಟ್ಟಿ ನೇರವಾಗಿ ಹೊರಬರುತ್ತದೆ. ಬ್ಲೇಡುಗಳು ಮಾತ್ರ ಬೇಗ ಮೊಂಡಾದವು. ತಾಳೆ ಜಾತಿಯ ಎಲೆಗಳ ಒಳಗೆ ಕಣ್ಣಿಗೆ ಕಾಣದ ಸಿಲಿಕಾ ಹರಳುಗಳಿರುತ್ತವೆ, ಅಂದರೆ ಬ್ಲೇಡು ಪ್ರತಿ ಸಲವೂ ಸಣ್ಣ ಮರಳನ್ನೇ ಕೊಯ್ಯುತ್ತಿರುತ್ತದೆ. ಮೊಂಡಾದ ಬ್ಲೇಡು ಎಲೆಯನ್ನು ಕತ್ತರಿಸದೆ ಹರಿಯುತ್ತದೆ, ಅಂಚಿನಲ್ಲಿ ಗರಗಸದ ಹಲ್ಲು ಬೀಳುತ್ತದೆ. ಆ ಹಲ್ಲು ಕಂಡ ಕೂಡಲೇ ಬ್ಲೇಡಿನ ತುದಿ ಮುರಿದು ಹೊಸ ಅಂಚನ್ನು ಮುಂದಕ್ಕೆ ತಂದರೆ ಸಾಕು.

ಎಷ್ಟು ಎಲೆ ಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬಹುದು. ಎಳೆಗಳು ಪಟ್ಟಿಯಲ್ಲಿ ನೇರವಾಗಿ ಹೋಗುವುದಿಲ್ಲ, ನಲವತ್ತೈದು ಡಿಗ್ರಿ ಓರೆಯಾಗಿ ಹೋಗುತ್ತವೆ. ಹಾಗಾಗಿ ಆರು ಅಡಿಯ ಪಟ್ಟಿಗೆ ಪ್ರತಿ ಎಳೆ ಎಂಟೂವರೆ ಅಡಿ ಓಡುತ್ತದೆ. ಎಂಟು ಮಿಲಿಮೀಟರಿನ ಹದಿನೈದು ಎಳೆ ಸೇರಿದರೆ ಎಂಟೂವರೆ ಸೆಂಟಿಮೀಟರ್ ಅಗಲದ ಪಟ್ಟಿ ಬರುತ್ತದೆ. ಹಳೆಯ ಚಾಪೆಯ ಪಟ್ಟಿಯ ಅಗಲವೂ ಅಷ್ಟೇ. ಒಟ್ಟು ಸುಮಾರು 127 ಅಡಿ ಎಳೆ. ಒಂದೊಂದು ಸೀಳಿನಲ್ಲಿ ತುದಿ, ಬುಡ, ಜೋಡಣೆಯ ಭಾಗ ಕಳೆದು ಉಪಯೋಗಕ್ಕೆ ಸಿಗುವುದು ಹತ್ತು ಇಂಚು ಎಂದರೆ ಒಂದು ಪಟ್ಟಿಗೆ 150ಕ್ಕೂ ಮೇಲೆ ಸೀಳು ಬೇಕಾಗುತ್ತದೆ. ಗಿಡ್ಡ, ಹರಿದ, ಚುಕ್ಕೆ ಬಿದ್ದ ಎಸಳುಗಳನ್ನು ತೆಗೆದ ಮೇಲೆ ಒಂದು ಗರಿಗೆ ಒಂದು ಪಟ್ಟಿ ಎಂದು ಹಿಡಿದುಕೊಂಡರೆ ಎಲೆ ಸಾಲದೆ ಕೂರುವ ಪ್ರಸಂಗ ಬರುವುದಿಲ್ಲ.

ಪಟ್ಟಿ ಹೆಣೆಯುವುದು

ಮೂರೆಳೆಯ ಜಡೆ ಹಾಕಲು ಬರುವವರಿಗೆ ಇದು ಹದಿನೈದು ಎಳೆಯ ಜಡೆ, ಅಷ್ಟೇ. ಎಡಗೈಯಲ್ಲಿ ಎಂಟು, ಬಲಗೈಯಲ್ಲಿ ಏಳು ಎಳೆ ಇರುತ್ತವೆ. ಎಡಗಡೆಯ ಅತಿ ಹೊರಗಿನ ಎಳೆಯನ್ನು ಅಂಚಿನಲ್ಲಿ ಮಡಚಿ, ತನ್ನ ಪಕ್ಕದ ಎರಡು ಎಳೆಗಳ ಮೇಲೆ, ಮುಂದಿನ ಎರಡರ ಕೆಳಗೆ, ಮತ್ತೆ ಎರಡರ ಮೇಲೆ, ಕೊನೆಯ ಒಂದರ ಕೆಳಗೆ ಹಾಯಿಸಿ ಬಲಗೈಗೆ ಒಪ್ಪಿಸಬೇಕು. ಈಗ ಬಲಗೈಯಲ್ಲಿ ಎಂಟು. ಅಲ್ಲಿಯ ಹೊರಗಿನ ಎಳೆಯನ್ನು ಅದೇ ಕ್ರಮದಲ್ಲಿ ಎಡಕ್ಕೆ ಕಳಿಸಬೇಕು. ಪ್ರತಿ ಎಳೆ ಹಾದ ಕೂಡಲೇ ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿ ಹಿಂದಿನದಕ್ಕೆ ತಾಗಿಸಬೇಕು. ಆಮೇಲೆ ಬಿಗಿ ಮಾಡೋಣ ಎಂದು ಬಿಟ್ಟರೆ ಆ ಸಡಿಲು ಮುಂದಿನ ಹೆಣಿಗೆಯೊಳಗೆ ಸಿಕ್ಕಿಕೊಂಡುಬಿಡುತ್ತದೆ. ಅಂಚಿನಲ್ಲಿ ಎಳೆ ಮಡಚಿಕೊಳ್ಳುವುದರಿಂದ ಬಲಕ್ಕೆ ಓಡುವಾಗ ಎಲೆಯ ಹೊಳಪು ಮುಖ, ಎಡಕ್ಕೆ ಓಡುವಾಗ ಮಂಕು ಮುಖ ಮೇಲೆ ಬರುತ್ತದೆ. ಓರೆ ಬೆಳಕಿನಲ್ಲಿ ನೋಡಿದರೆ ಒಂದೇ ಬಣ್ಣದ ಎಲೆಯಲ್ಲಿ ಎರಡು ಬಣ್ಣದ ಪಟ್ಟೆ ಕಾಣುತ್ತದೆ. ಅದು ಎಲ್ಲಿಯಾದರೂ ತಪ್ಪಿದ್ದರೆ ಅಲ್ಲಿ ಎಳೆಯನ್ನು ತಿರುಚಿ ಮಡಚಿದ್ದೀರಿ ಎಂದರ್ಥ, ಬಿಚ್ಚಿ ಸರಿಮಾಡುವುದು ಸುಲಭ.

ಹೆಣಿಗೆ ಒಂದು ಗಂಟೆಯಲ್ಲಿ ಕೈಗೆ ಹತ್ತುತ್ತದೆ. ಹೊಸ ಎಳೆ ಸೇರಿಸುವುದು ಹತ್ತುವುದಿಲ್ಲ. ಅದಕ್ಕಾಗಿಯೇ ಗೊತ್ತಿದ್ದವರನ್ನು ಕರೆಸಿದ್ದು. ಮುಗಿಯುತ್ತ ಬಂದ ಎಳೆಯ ಮೇಲೆ ಹೊಸದನ್ನು ಜೋಡಿಯಾಗಿ ಇಟ್ಟು, ಎರಡನ್ನೂ ಒಂದೇ ಎಳೆ ಎಂಬಂತೆ ಕನಿಷ್ಠ ಮೂರು ಹಾಯುವಿಕೆಯ ತನಕ ಓಡಿಸಬೇಕು. ಹಳೆಯದರ ತುದಿ ಕೆಳಮುಖದಲ್ಲಿ, ಹೊಸದರ ಬುಡವೂ ಕೆಳಮುಖದಲ್ಲೇ ಹೊರಬರಬೇಕು. ಮೇಲ್ಮುಖದಲ್ಲಿ ಬಂದರೆ ಅಡಿಕೆ ಹರಗುವಾಗ ಕೈಗೆ ಚುಚ್ಚುತ್ತದೆ. ಪಕ್ಕಪಕ್ಕದ ಎರಡು ಎಳೆಗಳಿಗೆ ಒಂದೇ ಜಾಗದಲ್ಲಿ ಜೋಡಣೆ ಬರಕೂಡದು, ಬಂದರೆ ಪಟ್ಟಿ ಅಲ್ಲಿ ಉಬ್ಬಿ ಹೊಲಿಗೆಗೆ ಕೂರುವುದಿಲ್ಲ. ಇದನ್ನು ತಪ್ಪಿಸಲು ಆ ಹೆಂಗಸು ಆರಂಭದಲ್ಲೇ ಹದಿನೈದು ಎಳೆಗಳನ್ನೂ ಬೇರೆ ಬೇರೆ ಉದ್ದಕ್ಕೆ ಕತ್ತರಿಸಿಕೊಂಡರು. ಹೀಗೆ ಮಾಡಿದರೆ ಒಂದಾದ ಮೇಲೊಂದು ಸರದಿಯಂತೆ ಮುಗಿಯುತ್ತವೆ, ಎಂದೂ ಗುಂಪಾಗಿ ಮುಗಿಯುವುದಿಲ್ಲ. ನೋಡಿದ ಮೇಲೆ ಸರಳ ಎನ್ನಿಸುವ ಇಂಥ ಒಂದು ಉಪಾಯಕ್ಕೆ ಕೂಲಿ ಕೊಟ್ಟದ್ದು ಸಾರ್ಥಕ.

ಪಟ್ಟಿಯನ್ನು ಬೇಕಾದ ಉದ್ದಕ್ಕಿಂತ ಒಂದು ಗೇಣು ಹೆಚ್ಚಾಗಿಯೇ ಹೆಣೆದೆ. ಮುಗಿದ ಪಟ್ಟಿಯನ್ನು ನೆರಳಿನಲ್ಲಿ ಒಣಗಿಸಿ, ಒಂದು ತುದಿಯಿಂದ ಇನ್ನೊಂದಕ್ಕೆ ಎಳೆ ಎಳೆಯಾಗಿ ಮತ್ತೊಮ್ಮೆ ಒತ್ತುತ್ತ ಬಂದರೆ ನಾಲ್ಕೈದು ಬೆರಳು ಉದ್ದ ಕಡಿಮೆಯಾಗುತ್ತದೆ. ಆಮೇಲೆ ಹಲಗೆಯ ಮೇಲಿಟ್ಟು ಗಾಜಿನ ಬಾಟಲಿಯಿಂದ ಒತ್ತಿ ಉರುಳಿಸಿದರೆ ಮಡಿಕೆಗಳು ಚಪ್ಪಟೆಯಾಗಿ ಕೂರುತ್ತವೆ.

ಖರ್ಜೂರದ ನಾಡುಗಳಲ್ಲಿಯೂ ಎಲೆಯ ಕೆಲಸ ನಡೆಯುವುದು ಬಹುಪಾಲು ಹೀಗೆಯೇ. ಅರಬ್ ದೇಶಗಳಲ್ಲಿ ಖೂಸ್ ಎಂದು ಕರೆಯುವ ಹೆಣಿಗೆಯಲ್ಲಿ ಮೊದಲು ಉದ್ದನೆಯ ಪಟ್ಟಿ ಹೆಣೆದು, ಅದನ್ನು ಸುರುಳಿ ಸುತ್ತಿ ಹೊಲಿದರೆ ಬುಟ್ಟಿ, ಪಕ್ಕಪಕ್ಕ ಹೊಲಿದರೆ ಚಾಪೆ. ಊಟದ ಹಾಸು, ಬೀಸಣಿಗೆ, ಹಣ್ಣು ತುಂಬುವ ಚೀಲ ಎಲ್ಲವೂ ಅದರಿಂದಲೇ. ಅಲ್ಲಿ ದಿಂಡಿನಿಂದ ಪಂಜರ, ಮಂಚ, ಮನೆಯ ತಟ್ಟಿ ಮಾಡುತ್ತಿದ್ದರು; ಕಾಂಡ ಮಾಡಿನ ತೊಲೆಯಾಗುತ್ತಿತ್ತು; ಗರಿಯ ಬುಡದ ನಾರು ಹಗ್ಗವಾಗುತ್ತಿತ್ತು; ಬೀಜವನ್ನು ನೆನೆಸಿ ಅರೆದು ಒಂಟೆ, ಆಡುಗಳಿಗೆ ಹಾಕುತ್ತಿದ್ದರು. ಖರ್ಜೂರದ ಸುತ್ತಲಿನ ಈ ಜ್ಞಾನ, ಕುಶಲತೆಗಳನ್ನು ಯುನೆಸ್ಕೊ 2019ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಈಚಲಿಗೆ ಅಂಥ ಮರ್ಯಾದೆ ಸಿಕ್ಕಿಲ್ಲ, ಸಂತೆಯ ಪೊರಕೆಗೂ ಗಿರಾಕಿಗಳು ಚೌಕಾಸಿ ಮಾಡುತ್ತಾರೆ.

ಖರ್ಜೂರದ ಎಲೆಯನ್ನೂ ಕೈಯಲ್ಲಿ ಹಿಡಿದು ನೋಡುವ ಅವಕಾಶ ಸಿಕ್ಕಿತು. ಶಿವಮೊಗ್ಗದ ಹೊರವಲಯದಲ್ಲಿ ಮನೆಯೊಂದರ ಗೇಟಿನ ಎರಡೂ ಬದಿಗೆ ಚೆಂದಕ್ಕೆಂದು ನೆಟ್ಟ ಖರ್ಜೂರದ ಗರಿಗಳನ್ನು ಸವರಿ ರಸ್ತೆಗೆ ಹಾಕಿದ್ದರು, ಕೇಳಿ ತಂದೆ. ಎಸಳು ಈಚಲಿಗಿಂತ ದಪ್ಪ, ಬೂದಿ ಬಳಿದಂಥ ಹಸಿರು, ಮಡಚಿದರೆ ಚಟ್ಟನೆ ಶಬ್ದ. ರಾತ್ರಿಯಿಡೀ ಗೋಣಿಯಲ್ಲಿ ಸುತ್ತಿಟ್ಟರೂ ಸಾಲಲಿಲ್ಲ, ನೇರವಾಗಿ ನೀರಿಗೇ ಹಾಕಬೇಕಾಯಿತು. ಹದಿನೈದು ಎಳೆಯ ಪಟ್ಟಿಗೆ ಅದು ಒರಟು. ಆದರೆ ಚಾಪೆಯ ಎರಡು ತುದಿಗಳನ್ನು ಮುಚ್ಚಿ ಹೊಲಿಯುವ ಅಂಚುಕಟ್ಟಿಗೆ ಈಚಲಿಗಿಂತ ಅದೇ ಮೇಲು ಎನ್ನಿಸಿ ಅಲ್ಲಿಗೆ ಬಳಸಿದೆ. ಮರದ ಒಡೆಯರಿಗೆ ಹಣ್ಣಿನ ಆಸೆಯೂ ಇತ್ತು. ಆ ಆಸೆ ನಮ್ಮ ಮಳೆಯಲ್ಲಿ ಈಡೇರುವುದು ಕಷ್ಟ. ಖರ್ಜೂರದ ಬುಡ ನೀರಿನಲ್ಲಿ, ತಲೆ ಬೆಂಕಿಯಲ್ಲಿ ಇರಬೇಕು ಎಂದು ಅರಬರ ಮಾತಿದೆ. ಹಣ್ಣು ಮಾಗುವ ಹೊತ್ತಿಗೆ ಸರಿಯಾಗಿ ಮುಂಗಾರು ಬಂದು ಗೊನೆಯನ್ನು ಕೊಳೆಸುತ್ತದೆ. ಮೇಲಾಗಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಎರಡೂ ಗಂಡಾಗಿದ್ದರೆ ಗೊನೆಯ ಮಾತೇ ಇಲ್ಲ.

ಬಿಚ್ಚಿ, ಕೂರಿಸಿ, ಹೊಲಿದದ್ದು

ಹಳೆಯ ಚಾಪೆಗೆ ಕೈ ಹಾಕುವ ಮೊದಲು ಅದನ್ನೂ ಮೆದುಗೊಳಿಸಬೇಕು. ಒಣಗಿ ನಿಂತ ಎಲೆಯ ಅಂಚಿಗೆ ದಬ್ಬಣ ಹಾಕಿದರೆ ಚೂರು ಏಳುತ್ತದೆ. ನೆಲಕ್ಕೆ ಹಾಸಿ, ಹಿಂಡಿದ ಒದ್ದೆ ಗೋಣಿಗಳನ್ನು ಮೇಲೆ ಹೊದಿಸಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಗೋಣಿ ತೆಗೆದಾಗ ಅಂಗಳವೆಲ್ಲ ಅಡಿಕೆ ಬೇಯಿಸುವ ಹಂಡೆಯ ವಾಸನೆ, ಗೋಣಿಯ ಮೇಲೆ ಚೊಗರಿನ ಕಂದು ಗುರುತು.

ಹಳೆಯ ಹೊಲಿಗೆ ಸೆಣಬಿನದಲ್ಲ, ಪುಂಡಿ ನಾರಿನ ಹುರಿ ಎಂದು ಕಾಣುತ್ತದೆ. ಕೆಲವು ಕಡೆ ಈಚಲು ಎಸಳನ್ನೇ ಹೊಸೆದು ಹೊಲಿದಿದ್ದಾರೆ. ಹಾಳಾದ ಪಟ್ಟಿಯ ಅಂಚಿನ ಹುರಿಯನ್ನು ಗೇಣಿಗೊಂದು ಕಡೆ ಕತ್ತರಿಸಿ ಎಳೆದರೆ ಬಂತು. ಪಕ್ಕದ ಒಳ್ಳೆಯ ಪಟ್ಟಿಯ ಅಂಚು ಹರಿಯದಂತೆ ನೋಡಿಕೊಳ್ಳುವುದೇ ಇಲ್ಲಿಯ ಕೆಲಸ. ಆ ಅಂಚಿನಲ್ಲಿ ಎಳೆಗಳು ಮಡಚಿ ಆದ ಸಣ್ಣ ಸಣ್ಣ ತ್ರಿಕೋನಗಳಿರುತ್ತವೆ. ದಬ್ಬಣ ಹೋಗಬೇಕಾದದ್ದು ಎಲೆಯನ್ನು ತೂತು ಮಾಡಿಕೊಂಡಲ್ಲ, ಈ ಮಡಿಕೆಗಳ ಒಳಗಿನಿಂದ. ಹೊಸ ಪಟ್ಟಿಯನ್ನು ಪಕ್ಕಕ್ಕಿಟ್ಟು, ಒಂದರ ತ್ರಿಕೋನ ಇನ್ನೊಂದರ ಸಂದಿಗೆ ಬರುವಂತೆ ಸರಿಸಿ, ಹುರಿಯನ್ನು ಈ ಕಡೆಯ ಮಡಿಕೆಯೊಳಗಿಂದ ಆ ಕಡೆಯ ಮಡಿಕೆಯೊಳಕ್ಕೆ ಹಾವು ಹರಿದಂತೆ ಹಾಯಿಸುತ್ತ ಹೋದೆ. ಐದಾರು ಹೊಲಿಗೆಗೊಮ್ಮೆ ಎಳೆದರೆ ಎರಡು ಅಂಚುಗಳ ಹಲ್ಲು ಕಚ್ಚಿಕೊಂಡು ಹುರಿ ಒಳಗೆ ಮರೆಯಾಗುತ್ತದೆ. ಹೊಲಿಗೆ ಹೊರಗೆ ಕಾಣದಿದ್ದರೆ ಹರಗುವ ಕೈಗೆ ಸಿಕ್ಕಿ ಸವೆಯುವುದೂ ಇಲ್ಲ.

ಹುರಿಗೆ ನೈಲಾನ್ ಬೇಡ. ಬಲವಾಗಿದೆ, ಕೊಳೆಯುವುದಿಲ್ಲ, ಎಲ್ಲ ನಿಜ. ಆದರೆ ಅದು ಎಲೆಗಿಂತ ಬಲ. ಚಾಪೆ ಸುತ್ತಿ ಬಿಚ್ಚುವಾಗ ಮಡಿಕೆಯನ್ನು ತಂತಿಯಂತೆ ಕೊಯ್ಯುತ್ತ ಬರುತ್ತದೆ. ಹುರಿ ಎಲೆಗಿಂತ ಮೊದಲು ಸವೆಯಬೇಕು. ಹುರಿ ಹೋದರೆ ಒಂದು ಮಧ್ಯಾಹ್ನದ ಕೆಲಸ, ಅಂಚು ಹೋದರೆ ಪಟ್ಟಿಯೇ ಹೋಯಿತು. ಸೆಣಬಿನ ಎರಡೆಳೆ ಹುರಿಗೆ ಜೇನುಮೇಣ ಸವರಿ ಬಳಸಿದೆ. ನಾಲ್ಕು ಮತ್ತು ಐದನೆಯ ಪಟ್ಟಿಗಳನ್ನು ಮೊದಲು ಒಂದಕ್ಕೊಂದು ಕೂಡಿಸಿ, ಆಮೇಲೆ ಜೋಡಿಯಾಗಿ ಚಾಪೆಗೆ ಸೇರಿಸಿದ್ದರಿಂದ ಎಳೆತ ಸಮನಾಗಿ ಹಂಚಿತು. ಒಂಬತ್ತನೆಯದು ಎರಡು ಹಳೆಯ ಪಟ್ಟಿಗಳ ನಡುವೆ ಒಂಟಿಯಾಗಿ ಕೂರಬೇಕಿತ್ತು. ಹಳೆಯ ಪಟ್ಟಿಗಳು ವರ್ಷಗಳ ಕಾಲ ಎಳೆದು ಎಳೆದು ಒಂದೆರಡು ಬೆರಳು ಉದ್ದವಾಗಿರುತ್ತವೆ, ಹೊಸದಕ್ಕೆ ಆ ಎಳೆತ ಬಂದಿರುವುದಿಲ್ಲ. ನಡುವಿನಿಂದ ಎರಡೂ ತುದಿಗಳ ಕಡೆಗೆ ಹೊಲಿಯುತ್ತ ಹೋಗಿ, ವ್ಯತ್ಯಾಸವನ್ನು ತುದಿಗೆ ತಳ್ಳಿ, ಅಲ್ಲಿ ಅಂಚುಕಟ್ಟಿನೊಳಗೆ ಮುಚ್ಚಿದೆ.

ಬ್ಲೇಡು, ಹುರಿ, ಮೇಣದ ಖರ್ಚು ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ. ದೊಡ್ಡ ಖರ್ಚು ಎಂದರೆ ಕೂಲಿ ಮತ್ತು ಶಿಕಾರಿಪುರದ ದಾರಿಯ ಪೆಟ್ರೋಲು. ಉಳಿದ ಗಿಡ್ಡ ಎಸಳುಗಳನ್ನು ನರಸಹಿತ ಒಟ್ಟುಮಾಡಿ, ಬುಡವನ್ನು ಬಿಗಿಯಾಗಿ ಕಟ್ಟಿ, ತುದಿಯನ್ನು ದಬ್ಬಣದಿಂದ ಸೀಳಿ ಎರಡು ಪೊರಕೆಗಳಾದವು. ಅಡಿಕೆ ಕಣ ಗುಡಿಸಲು ತೆಂಗಿನ ಕಡ್ಡಿ ಪೊರಕೆಗಿಂತ ಇದು ವಾಸಿ, ಅಡಿಕೆಯ ಮೇಲೆ ಗೀರು ಬೀಳುವುದಿಲ್ಲ.

ಒರಲೆಯ ವಿಚಾರ ಮಾತ್ರ ರಿಪೇರಿಯಿಂದ ಮುಗಿಯುವಂಥದ್ದಲ್ಲ. ಮೊದಲು ಚಾಪೆಗಳು ಇರುತ್ತಿದ್ದದ್ದು ಒಲೆಯ ಮೇಲಿನ ಅಟ್ಟದಲ್ಲಿ. ವರ್ಷವಿಡೀ ಸೌದೆಯ ಹೊಗೆ ಕುಡಿದ ಎಲೆಯ ತಂಟೆಗೆ ಹುಳು ಬರುತ್ತಿರಲಿಲ್ಲ. ಅಡುಗೆಮನೆಗೆ ಗ್ಯಾಸ್ ಬಂದ ಮೇಲೆ ಅಟ್ಟ ತಣ್ಣಗಾಯಿತು, ಚಾಪೆಗಳು ಕೊಟ್ಟಿಗೆಯ ಗೋಡೆಗೆ ಇಳಿದವು, ಒರಲೆಗೆ ದಾರಿ ಸಿಕ್ಕಿತು. ಈಗ ಅಡಿಕೆ ಬೇಯಿಸುವ ಒಲೆಯ ಮಾಡಿನ ಕೆಳಗೆ ಎರಡು ಬಿದಿರು ಅಡ್ಡ ಕಟ್ಟಿ, ಚಾಪೆಗಳನ್ನು ಸುತ್ತಿ ಅದರ ಮೇಲೆ ಇಡುತ್ತಿದ್ದೇನೆ. ವರ್ಷಕ್ಕೆ ಎರಡು ಮೂರು ತಿಂಗಳಾದರೂ ಅಲ್ಲಿ ಹೊಗೆ ಏಳುತ್ತದೆ. ಉಳಿದ ಕಾಲಕ್ಕೆ, ನೆಲಕ್ಕೂ ಗೋಡೆಗೂ ತಾಗದಿದ್ದರೆ ಅರ್ಧ ಕಾವಲು.

ರಿಪೇರಿಯಾದ ಚಾಪೆಯ ಮೇಲೆ ಈ ಸಲದ ಬೆಟ್ಟೆ ಹರವಿ ತೆಗೆದಾಯಿತು. ಹೊಸ ಪಟ್ಟಿಗಳು ಮೊದಲ ದಿನವೇ ಚೊಗರು ಹೀರಿ ಕಿತ್ತಳೆ ಬಣ್ಣಕ್ಕೆ ತಿರುಗಿದವು, ಹಳೆಯವುಗಳ ಕಪ್ಪಿಗೆ ಬರಲು ಇನ್ನೂ ಕೊಯ್ಲುಗಳು ಬೇಕು. ನಾಲ್ಕು, ಐದು ಬಿಗಿಯಾಗಿ ನಿಂತಿವೆ. ಒಂಬತ್ತನೆಯದರ ಬಲ ಅಂಚಿನಲ್ಲಿ, ತುದಿಯಿಂದ ಒಂದು ಮೊಳ ಒಳಗೆ, ಹೊಲಿಗೆ ಬೆರಳು ತೂರುವಷ್ಟು ಬಾಯಿ ಬಿಟ್ಟಿದೆ. ಚೂರಡಿಕೆ ಅಲ್ಲಿಂದ ಕೆಳಗಿಳಿಯುತ್ತದೆ. ಪಟ್ಟಿಗೆ ಈಗ ಎಳೆತ ಬಂದಿರುವುದರಿಂದ ಆ ಒಂದು ಹೊಲಿಗೆಯನ್ನು ನಡುವಿನ ತನಕ ಬಿಚ್ಚಿ ಮತ್ತೆ ಎಳೆದು ಹೊಲಿಯಬೇಕು; ಹುರಿಯ ಉಂಡೆ, ದಬ್ಬಣ ಎರಡನ್ನೂ ಚಾಪೆಯೊಳಗೇ ಸುತ್ತಿಟ್ಟಿದ್ದೇನೆ.